ಶಾರ್ದೂಲವೂ ಕರಡಿಯೂ

ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲ ಇಕ್ಕೆಲದಲ್ಲಿ ಸಳನು ಮೃಗವನ್ನು ಇರಿಯುತ್ತಿರುವ ಶಿಲ್ಪವನ್ನು ವಾಚಕ ಮಹಾಶಯರು ಕಂಡೇ ಇರುವರು. ಸೊಸೆವೂರಿನಲ್ಲಿ, ಎಂದರೆ ಇಂದಿನ ಅಂಗಡಿಯಲ್ಲಿ, ಯತಿಯು “ಪೊಯ್ ಸಳ” ಎಂದುದರಿಂದ ವಂಶಕ್ಕೆ ಹೆಸರಾಯಿತೆಂಬುದು ಐತಿಹ್ಯ. ಶಾಸನಗಳು ಆ ಮೃಗವನ್ನು ಪುಲಿಯೆಂದೂ ಶಾರ್ದೂಲವೆಂದೂ ಕರೆಯುತ್ತವೆ. ಅಮರಸಿಂಹನ ಮತದಲ್ಲಿ ಶಾರ್ದೂಲವೆಂದರೆ ವ್ಯಾಘ್ರವೇ. ಆದರೆ ಶಿಲ್ಪಿಯು ಕಡೆದ ಮೃಗಕ್ಕೆ ಸುರುಳಿಗೂದಲಿನ ಕೇಸರವುಂಟು. ಮಲೆನಾಡಿನ ಯಾವ ಹುಲಿಗೂ ಅದಿಲ್ಲ. ಕಾಡಿನಲ್ಲಿದ್ದ ಪ್ರಾಣಿ ಒಂದು, ಕಲ್ಲಿನಲ್ಲಿ ನಿಂತುದು ಇನ್ನೊಂದು. ಆ ಹುಲಿಯು ರೋಗಿಷ್ಠವಾಗಿದ್ದಿತೆಂದು ತರ್ಕಿಸುವ ಜಾಣರೂ ಉಂಟು. ಅದಕ್ಕೆ ಆಧಾರವಿಲ್ಲ, ನಾನು ಆ ಗೋಜಿಗೆ ಹೋಗುವವನಲ್ಲ.

ರೋಗದಿಂದ ಪ್ರಾಣಿಯು ಭೂತವಾಗುವುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಹಳೇಬೀಡಿನ ಕೆರೆಯ ಏರಿಯ ಮೇಲೆ ಒಂದು ಮುಸ್ಸಂಜೆ ಬೂದುಬಣ್ಣದ, ಮೈಮೇಲೆ ಕೂದಲೇ ಇಲ್ಲದ, ಇಲಿಬಾಲದ ಜಂತುವೊಂದು ಹಾದುಹೋಯಿತು. ನನ್ನ ಜೊತೆಗಿದ್ದ ವಿದ್ಯಾರ್ಥಿಗಳು ಗುಮ್ಮನೆಂದು ಕಿರುಚಿದರು. ನನಗೂ ಎದೆ ನಡುಗಿತೆಂಬುದನ್ನು ಈಗ ಮುಚ್ಚಿಡಬೇಕಾದ್ದಿಲ್ಲ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು, “ಕಜ್ಜಿ ಹತ್ತಿದ ಗುಳ್ಳೆನರಿ ಕಣ್ರೀ ಮೇಷ್ಟ್ರೇ” ಎಂದು ಹೇಳಿ ತನ್ನ ದಾರಿ ಹಿಡಿದಳು.

ಆಕೆಯದೇ ಸರಿ. ಅತಿ ಸೂಕ್ಷ್ಮವಾದ ನುಸಿಯು ಚರ್ಮವನ್ನು ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ. ಕೂದಲು ಉದುರಿ ಚರ್ಮವು ದಪ್ಪವಾಗಿ ಸುಕ್ಕುಗಟ್ಟುತ್ತದೆ. 1995ರಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ಆಡುಗಳ ರಕ್ತ ಹೀರುವ ‘ಚುಪಕಾಬ್ರಾ’ ಎಂಬುದರ ಸುದ್ದಿ ಹಬ್ಬಿತು. 2007ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ಕ್ಯೂರೋ ಎಂಬಲ್ಲಿ ಅದರದೆನ್ನಲಾದ ಬೋಳು ಶವ ದೊರೆಯಿತು. ಡಿ.ಎನ್.ಎ. ಪರೀಕ್ಷೆಯಿಂದ ಅದು ತೋಳದ ದಾಯಾದಿಯಾದ ಕಯೋಟೆ ಎಂದು ತಿಳಿದುಬಂತು.

ನಮ್ಮ ಸೀಮೆಯ ಕರಡಿಯ ಕಥೆ ಇದಕ್ಕಿಂತ ದಾರುಣವಾದುದು. ಕರಡಿಯನ್ನು ಅಪಾರ್ಥ ಮಾಡಿಕೊಂಡವರು ಹಳ್ಳಿಗರು ಮಾತ್ರವಲ್ಲ. ಉದ್ದನೆಯ ಉಗುರುಗಳನ್ನೂ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲದುದನ್ನೂ ನೋಡಿ 1791ರಲ್ಲಿ ಜಾರ್ಜ್ ಷಾ ಎಂಬ ಆಂಗ್ಲ ಪಂಡಿತನು ಇದನ್ನು ಮರಕ್ಕೆ ಜೋತುಬೀಳುವ ಅಮೆರಿಕದ ಮಂದಗಾಮಿ ಪ್ರಾಣಿಗಳ ಜಾತಿಗೆ ಸೇರಿಸಿಬಿಟ್ಟನು! ಅರಸೀಕೆರೆಯ ಪೂರ್ವದ ನಾಗವಾರ ಗುಡ್ಡಗಳಲ್ಲಿ ಒಂದು ಕರಡಿಯು 12 ಮಂದಿಯನ್ನು ಕೊಂದು, ಅದರ ಇಮ್ಮಡಿ ಜನರನ್ನು ಗಾಯಗೊಳಿಸಿತೆಂದು ಅದನ್ನು ಹೊಡೆದ ಬೇಟೆಗಾರ ಕೆನೆತ್ ಆಂಡರ್ಸನ್ 1957ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಈ ಕರಡಿಯು ಒಬ್ಬ ಹುಡುಗಿಯನ್ನು ಹೊತ್ತೊಯ್ದು ಹೆಂಡತಿಯಾಗಿ ಇಟ್ಟುಕೊಂಡಿತ್ತೆಂದೂ, ಊರವರು ಆಕೆಯನ್ನು ಬಿಡಿಸಿ ತಂದುದರಿಂದ ಕೆರಳಿತೆಂದೂ ಜನರು ಆಡಿಕೊಂಡರಂತೆ. ಮರಿಗಳನ್ನು ಕಳೆದುಕೊಂಡ ತಾಯಿಯೆಂದವರೂ ಉಂಟು. ಹಿಂದೆ ಯಾರೋ ಮನುಷ್ಯರೇ ಗಾಯಪಡಿಸಿದ್ದಿರಬೇಕೆಂಬುದು ಆಂಡರ್ಸನನ ಊಹೆ. ನನಗೆ ಇದೇ ಒಪ್ಪಿಗೆ. ಜಾಂಬವಂತನ ಮಗಳನ್ನು ಕೃಷ್ಣನು ವರಿಸಿದ ಕಥೆಯನ್ನು ಕೇಳಿ ಬೆಳೆದ ಜನಕ್ಕೆ ಕರಡಿಯ ಹೆಂಡತಿಯು ಅಸಂಭಾವ್ಯವೆನಿಸದಿದ್ದುದು ಸಹಜವೇ.

ಬದುಕುಳಿದವರು ಕಣ್ಣು, ಮೂಗು, ಕೆನ್ನೆಗಳನ್ನು ಕಳೆದುಕೊಂಡಿದ್ದರು. ಕರಡಿಯ ದೃಷ್ಟಿ ಮಂದ. ಗೆದ್ದಲು ಹುತ್ತವನ್ನು ಬಗೆಯುತ್ತ ಮೈಮರೆತಿರುವಾಗ ಮನುಷ್ಯನು ತೀರ ಸಮೀಪಕ್ಕೆ ಬಂದರೆ ಅದು ಬೆಚ್ಚಿ ಮೇಲೆದ್ದು ಮುಖಕ್ಕೇ ಎರಗುತ್ತದೆ. ಹೆಣ್ಣು ಕದ್ದ ಕರಡಿಯ ಕಥೆಯನ್ನು ನೂರು ಸಾರಿ ಕೇಳಿದರೂ ಇಷ್ಟು ತಿಳಿಯದು. ಅರಸೀಕೆರೆಯ ಗುಡ್ಡಗಳಲ್ಲಿ ಕರಡಿ ಇಂದಿಗೂ ಉಂಟು. ಮುಂಜಾವದಲ್ಲಿ ಹೊಲಕ್ಕೆ ಹೊರಟವರು ತುಸು ಗಟ್ಟಿಯಾಗಿ ಮಾತನಾಡುತ್ತ ನಡೆಯುವುದೊಳಿತು.