ಕೋಟು ಉಳಿಸಿದ ಕೈ

ಆರ್.ಟಿ. ನಗರದ ನಮ್ಮ ಮನೆಯ ಟ್ರಂಕಿನಲ್ಲಿ ಮುತ್ತಾತನ ಕ್ಲೋಸ್ ಕಾಲರ್ ಉಣ್ಣೆ ಕೋಟಿದೆ. ಯಲಹಂಕದ ಮೇಷ್ಟ್ರಿಗೆ ಇದ್ದದ್ದು ಅದೊಂದೇ. ಮೈಸೂರು ಸಂಸ್ಥಾನದಲ್ಲಿ ಪಂಚೆ, ಪೇಟ, ಕೋಟು ಮೇಷ್ಟ್ರು-ಗುಮಾಸ್ತರ ಮರ್ಯಾದೆಯ ಉಡುಪು.

ಪಂಚೆ ದಿನಾ ಒಗೆಯಬಹುದು. ಉಣ್ಣೆಯನ್ನು ಬಿಸಿನೀರಲ್ಲಿ ಉಜ್ಜಿದರೆ ಕುಗ್ಗುತ್ತದೆ. ಹಾಗಾಗಿ ಮುತ್ತಜ್ಜಿ ಸಂಜೆ ಕೋಟನ್ನು ಗಾಳಿಗೆ ಹಾಕಿ, ಬ್ರಷ್ಷಿನಿಂದ ಧೂಳು ತೆಗೆದು, ಕಾಲರನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರಂತೆ. ಮಳೆಗಾಲಕ್ಕೆ ಮುನ್ನ ಬಿಸಿಲು, ಆಮೇಲೆ ಟ್ರಂಕಿನಲ್ಲಿ ನುಸಿಗುಳಿಗೆ. ಅದು ಬರೀ ಮಡಿವಂತಿಕೆಯಲ್ಲ: ಉಣ್ಣೆ ತಿನ್ನುವ ಪತಂಗದ ಮರಿಹುಳುಗಳಿಗೆ ಬೆವರು, ಜಿಡ್ಡು ಹತ್ತಿದ ಜಾಗವೇ ಇಷ್ಟ.

1884ರಲ್ಲಿ ಶುರುವಾದ ಬೆಂಗಳೂರಿನ ಉಣ್ಣೆ ಗಿರಣಿಯ ಚರಿತ್ರೆ ಓದಿದ್ದೇನೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಕೋಟು ತೊಟ್ಟವರ ಹೆಸರುಗಳೂ ಇವೆ. ಮುತ್ತಜ್ಜಿಯ ಒಂದೂ ಫೋಟೋ ಇಲ್ಲ. ಅವರ ದಾಖಲೆ ಇದೊಂದೇ: ಹುಳು ತಿನ್ನದೆ ಉಳಿದ ಕಾಲರು.