ಅಕ್ಕಾದೇವಿಯ ಆಡಳಿತ ಮತ್ತು ಅರ್ಥನೀತಿ

ಬನವಾಸಿಯನ್ನು ಬಳಸಿ ಹೊಸರಿತ್ತಿಯ ಕಡೆಗೆ ಹರಿಯುವ ವರದಾ ನದಿಯ ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ ಎರಡು ಪ್ರಸಿದ್ಧ ವಿಭಾಗಗಳಿದ್ದವು: ಬನವಾಸಿ 12000 ಮತ್ತು ಪಾನುಂಗಲ್ಲು 500. ಪಾನುಂಗಲ್ಲೆಂದರೆ ಹಾವೇರಿ ಜಿಲ್ಲೆಯ ಇಂದಿನ ಹಾನಗಲ್ಲು. ಕ್ರಿ.ಶ. 1037ರಲ್ಲಿ ಕದಂಬ ಮಯೂರವರ್ಮನೊಡನೆ ಇವೆರಡನ್ನೂ ಆಳುತ್ತಿದ್ದವಳು ಎರಡನೆಯ ಜಯಸಿಂಹನ ಸೋದರಿಯಾದ ಅಕ್ಕಾದೇವಿ.

ಆಕೆಯ ಅಧಿಕಾರವು ಅಲ್ಪಕಾಲದ್ದಲ್ಲ. 1010ರಲ್ಲಿ, ಐದನೆಯ ವಿಕ್ರಮಾದಿತ್ಯನ ಕಾಲಕ್ಕಾಗಲೇ, ಆಕೆ ಕಿಸುಕಾಡು 70ನ್ನು ಆಳುತ್ತಿದ್ದುದು ಸೂಡಿಯ ಶಾಸನದಿಂದ ತಿಳಿಯುತ್ತದೆ. 1050ರಲ್ಲಿ, ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿಯೂ, ಆಕೆ ಅಧಿಕಾರದಲ್ಲಿದ್ದಳು. ಮೂವರು ಅರಸರ ಕಾಲದಲ್ಲಿ ನಾಲ್ವತ್ತು ವರ್ಷ ಉಳಿದ ಈ ಪದವಿಯನ್ನು ಕೇವಲ ರಾಜಬಂಧುತ್ವದ ಫಲವೆನ್ನಲಾಗದು.

ವಿಭಾಗಗಳ ಹೆಸರಿಗೆ ಹತ್ತಿದ ಸಂಖ್ಯೆಗಳು ಗ್ರಾಮಗಳ ಎಣಿಕೆಯೋ ಆದಾಯದ ಪ್ರಮಾಣವೋ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಹೇಗಿದ್ದರೂ ನಾಡನ್ನಾಳುವುದೆಂದರೆ ಸಿದ್ಧಾಯ, ಸುಂಕ ಮೊದಲಾದ ಹುಟ್ಟುವಳಿಯನ್ನು ಕೂಡಿಸಿ ಯೋಗ್ಯ ರೀತಿಯಲ್ಲಿ ವಿನಿಯೋಗಿಸುವುದೇ ಆಗಿತ್ತು. ವಿನಿಯೋಗದ ರೀತಿಗೆ 1022ರ ಬೇಲೂರು ಶಾಸನವು ನಿದರ್ಶನ. ಬಾದಾಮಿ ಪ್ರಾಂತದ ಈ ಊರಿನ ತ್ರಿಪುರುಷ ದೇವಾಲಯದಲ್ಲಿ ಓದುವ ವಿದ್ಯಾರ್ಥಿಗಳ ಅನ್ನವಸ್ತ್ರಗಳಿಗಾಗಿ ಆಕೆ ದತ್ತಿ ಬಿಟ್ಟಳು.

ಆದಾಯದ ಮೂಲವನ್ನು ಆಕೆ ಹೇಗೆ ಕಾಯ್ದಳೆಂಬುದಕ್ಕೆ 1050ರ ಸೂಡಿಯ ಶಾಸನವೇ ಸಾಕ್ಷಿ. ಆಗ ಕಿಸುಕಾಡು 70, ತೋರಗರೆ 60 ಮತ್ತು ಮಾಸಿಯವಾಡಿ 140 ಆಕೆಯ ಕೈಯಲ್ಲಿದ್ದವು. ಚೋಳರೊಡನೆ ನಡೆದ ಯುದ್ಧದ ಹಾವಳಿಯಿಂದ ಸೂಡಿಯ ಹಿಂದಿನ ವ್ಯವಸ್ಥೆ ಕೆಟ್ಟಿತ್ತು. ಅಕ್ಕಾದೇವಿಯು ಮಂತ್ರಿಗಳನ್ನು ಕೂಡಿಸಿ, ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಹಳೆಯ ಕಟ್ಟಳೆಯನ್ನು ಹೊಸದಾಗಿ ಬರೆಸಿಕೊಟ್ಟಳು. ಯುದ್ಧವು ಭಂಡಾರವನ್ನು ಬರಿದುಮಾಡಿದಾಗ ಪ್ರಜೆಯ ಮೇಲೆ ಭಾರ ಹೇರುವುದು ಆಳುವವರಿಗೆ ಸುಲಭದ ದಾರಿ. ಈಕೆಯಾದರೋ ವರ್ತಕನಿಗೂ ಒಕ್ಕಲಿಗೂ ತಮ್ಮ ಹಕ್ಕುಬಾಧ್ಯತೆಗಳಲ್ಲಿ ಮತ್ತೆ ಭರವಸೆ ಹುಟ್ಟಿಸಿದಳು. ಸಂತೆ ನೆರೆಯದೆ ಸುಂಕವಿಲ್ಲ, ಒಕ್ಕಲು ನಿಲ್ಲದೆ ಸಿದ್ಧಾಯವಿಲ್ಲವೆಂಬ ಅರಿವು ಈ ಕಾರ್ಯದ ಹಿಂದೆ ಇದ್ದಿರಬೇಕು.

1047ರಲ್ಲಿ ಗೋಕಾಗೆಯ ಕೋಟೆಯನ್ನು ಮುತ್ತಿದ ಈ ವೀರನಾರಿಯನ್ನು ಶಾಸನವು ಯುದ್ಧದಲ್ಲಿ ಭೈರವಿಗೆ ಹೋಲಿಸಿದೆ. ಇತಿಹಾಸಕಾರರು ಎತ್ತಿಹಾಡಿದುದೂ ಬಹುಮಟ್ಟಿಗೆ ಆ ಶೌರ್ಯವನ್ನೇ. ಆದರೆ ಆಕೆಯ ಇನ್ನೊಂದು ಬಿರುದು ‘ಗುಣದ ಬೆಡಂಗಿ’. ಮುತ್ತಿಗೆಯ ಮೂರು ವರ್ಷಗಳ ತರುವಾಯ ಸೂಡಿಯ ಜನರಿಗೆ ಬರೆಸಿಕೊಟ್ಟ ಕಟ್ಟಳೆಯೇ ಆ ಬಿರುದಿಗೆ ತಕ್ಕ ಭಾಷ್ಯ. ಕರ್ನಾಟಕದ ಅರ್ಥವ್ಯವಸ್ಥೆಯ ಚರಿತ್ರೆಯನ್ನು ಬರೆಯುವವರು ಅದನ್ನು ಅಲಕ್ಷಿಸಲಾಗದು.