ನ್ಯಾಯಶೋಧನೆಯಲ್ಲಿ ಗಣಕಯಂತ್ರ: ಪದ ಮತ್ತು ಅರ್ಥ

ನ್ಯಾಯಶಾಸ್ತ್ರದ ಶೋಧನೆಯಲ್ಲಿ ಗಣಕಯಂತ್ರವು ಪ್ರವೇಶಿಸಿದ ವೃತ್ತಾಂತವು ವಕೀಲರಿಗೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ಆದರೆ ಅದರ ತಿರುಳು ಪದಕ್ಕೂ ಅರ್ಥಕ್ಕೂ ಇರುವ ಸಂಬಂಧವೇ ಆಗಿರುವುದರಿಂದ ಸಾಹಿತ್ಯಾಭ್ಯಾಸಿಗಳೂ ಅದನ್ನು ಪರಿಶೀಲಿಸತಕ್ಕುದಾಗಿದೆ.

ಹಿಂದಿನ ತೀರ್ಪೇ ಮುಂದಿನ ತೀರ್ಪಿಗೆ ಪ್ರಮಾಣವೆಂಬುದು ಆಂಗ್ಲ ನ್ಯಾಯಪದ್ಧತಿಯ ತಳಹದಿ. ತೀರ್ಪುಗಳು ಬೆಳೆದಂತೆಲ್ಲ ಅವನ್ನು ಹುಡುಕುವ ಸಾಧನಗಳೂ ಬೇಕಾದುವು. 1873ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತನು, ಒಂದು ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿದುವೆಂಬುದನ್ನು ಅಂಟುಚೀಟಿಗಳಲ್ಲಿ ಅಚ್ಚುಮಾಡಿ ಮಾರತೊಡಗಿದನು. ವಕೀಲರು ಅವನ್ನು ತಮ್ಮ ಗ್ರಂಥಗಳ ಅಂಚಿನಲ್ಲಿ ಅಂಟಿಸಿಕೊಳ್ಳುತ್ತಿದ್ದರು. ವಿಷಯಾನುಕ್ರಮಣಿಕೆಗಳೂ ಹುಟ್ಟಿದುವು. ಆದರೆ ಅವುಗಳಲ್ಲಿ ಯಾವ ತೀರ್ಪು ಯಾವ ಶೀರ್ಷಿಕೆಯಡಿ ಸೇರತಕ್ಕುದೆಂದು ಸಂಪಾದಕನೊಬ್ಬನು ಮೊದಲೇ ಓದಿ ನಿರ್ಣಯಿಸಿರುತ್ತಿದ್ದನು.

ಈ ಮಧ್ಯಸ್ಥನನ್ನು ಬಿಟ್ಟು ಪದಗಳನ್ನೇ ನೇರವಾಗಿ ಹುಡುಕುವ ಪ್ರಯತ್ನವು ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಹಾರ್ಟಿ ಎಂಬವರಿಂದ ನಡೆಯಿತು. ಪೆನ್ಸಿಲ್ವೇನಿಯಾ ಸಂಸ್ಥಾನದ ಆರೋಗ್ಯಶಾಸನಗಳಲ್ಲಿ ‘ಮಂದಬುದ್ಧಿಯ ಮಗು’ ಎಂಬ ಮಾತನ್ನು ತೆಗೆದು ‘ಅಸಾಮಾನ್ಯ ಮಗು’ ಎಂದು ಬರೆಯಬೇಕಾಗಿತ್ತು. ವಿದ್ಯಾರ್ಥಿಗಳಿಂದ ಶಾಸನಗಳನ್ನೆಲ್ಲ ಓದಿಸಲಾಯಿತು; ಎಷ್ಟೋ ಕಡೆ ಆ ಮಾತು ಕಣ್ತಪ್ಪಿ ಉಳಿಯಿತು. ಮತ್ತೊಮ್ಮೆ ಓದಿಸಿದರೂ ಕೆಲಸ ಪೂರ್ಣವಾಗಲಿಲ್ಲ. ಕೊನೆಗೆ ಹಾರ್ಟಿಯವರು ಶಾಸನಗಳ ಇಡೀ ಪಾಠವನ್ನು ರಂಧ್ರಪತ್ರಗಳಿಗೆ ಏರಿಸಿ ಯಂತ್ರದಿಂದ ಹುಡುಕಿಸಿದರು. 1960ರಲ್ಲಿ ವಾಷಿಂಗ್ಟನ್ನಿನಲ್ಲಿ ನೆರೆದ ಅಮೆರಿಕದ ವಕೀಲರ ಮಹಾಸಭೆಗೆ ಈ ವಿಧಾನವನ್ನು ತೋರಿಸಿಕೊಟ್ಟರು. ಓಹಾಯೋ ವಕೀಲರ ಪ್ರಯತ್ನದಿಂದ ಬೆಳೆದ ‘ಲೆಕ್ಸಿಸ್’ 1973ರಲ್ಲಿ ವ್ಯವಹಾರಕ್ಕೆ ಬಂದಿತು.

ಯಂತ್ರಕ್ಕೆ ಆಯಾಸವಿಲ್ಲ, ನಿಜ. ಆದರೆ ಕೊಟ್ಟ ಅಕ್ಷರಗಳನ್ನಲ್ಲದೆ ಬೇರೊಂದನ್ನು ಅದು ಅರಸುತ್ತಿರಲಿಲ್ಲ. ಇದರ ಫಲವೇನೆಂಬುದನ್ನು ಬ್ಲೇರ್ ಮತ್ತು ಮ್ಯಾರನ್ ಎಂಬ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಪರೀಕ್ಷೆಯು ತೋರಿಸಿತು. ಒಂದು ದೊಡ್ಡ ವ್ಯಾಜ್ಯಕ್ಕೆ ಸಂಬಂಧಿಸಿದ ಸುಮಾರು 40,000 ದಾಖಲೆಗಳು, ಅಂದರೆ ಸುಮಾರು 3,50,000 ಪುಟಗಳು, ಯಂತ್ರದಲ್ಲಿದ್ದುವು. ತಮಗೆ ಬೇಕಾದುದರಲ್ಲಿ ನೂರಕ್ಕೆ 75 ಪಾಲು ದೊರೆಯಿತೆಂದು ವಕೀಲರು ನಂಬಿದ್ದರು. ದೊರೆತಿದ್ದುದು ಸರಾಸರಿ 20 ಪಾಲು ಮಾತ್ರ. ಕಾರಣವು ವಿಚಾರಾರ್ಹವಾಗಿದೆ. ಆಕ್ಷೇಪಿಸುವವರು ‘ಅಪಘಾತ’ವೆಂದುದನ್ನು, ತಪ್ಪಿನ ಹೊಣೆ ತಮ್ಮ ಮೇಲೆ ಬರಬಹುದಾಗಿದ್ದವರು ‘ಘಟನೆ’, ‘ಪರಿಸ್ಥಿತಿ’, ‘ತೊಂದರೆ’ ಎಂದು ಬರೆದಿದ್ದರು! ಅಮರಕೋಶವು ಪರ್ಯಾಯಪದಗಳನ್ನು ಅರ್ಥಾನುಸಾರವಾಗಿ ವರ್ಗೀಕರಿಸಿಕೊಟ್ಟಿತು. ಹೊಣೆಯಿಂದ ಜಾರುವವನ ಪರ್ಯಾಯಪದಗಳು ಯಾವ ಕೋಶದಲ್ಲಿಯೂ ಮೊದಲೇ ದೊರೆಯುವುವಲ್ಲ.

ಮುಂದೆ ಯಂತ್ರಗಳು ವಕೀಲರು ಗುರುತಿಸಿಕೊಟ್ಟ ಮಾದರಿಗಳಿಂದ ಕಲಿಯತೊಡಗಿದುವು. 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು ಈ ವಿಧಾನಕ್ಕೆ ಸಮ್ಮತಿಯಿತ್ತರು. ಸಂಪಾದಕನ ವಿವೇಚನೆಯು ಬೇರೊಂದು ರೂಪದಲ್ಲಿ ಮರಳಿತೆಂದೇ ನಾನು ಭಾವಿಸುತ್ತೇನೆ.

ಈ ಪ್ರಶ್ನೆಯು ಈಗ ಕನ್ನಡಕ್ಕೂ ಬಂದಿದೆ. ಭಾರತದ ಸರ್ವೋಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿ ತನ್ನ ತೀರ್ಪುಗಳ ವರದಿಗಳನ್ನು ಯಾರಾದರೂ ವೆಚ್ಚವಿಲ್ಲದೆ ಶೋಧಿಸುವಂತೆ ತೆರೆದಿಟ್ಟಿತು. ಕೆಲವು ತೀರ್ಪುಗಳು ಕನ್ನಡಕ್ಕೂ ಅನುವಾದವಾಗಿವೆ. ‘ಜಮೀನು’, ‘ಜಮೀನಿನ’, ‘ಜಮೀನಿಗೆ’ ಎಂಬ ವಿಭಕ್ತಿರೂಪಗಳನ್ನು ಒಂದುಗೂಡಿಸಲು ವ್ಯಾಕರಣವು ನೆರವಾದೀತು. ‘ಹೊಲ’ವೆಂದು ಹುಡುಕುವ ರೈತನಿಗೆ, ಅನುವಾದಕನು ‘ಭೂಮಿ’ ಎಂದು ಬರೆದ ತೀರ್ಪನ್ನು ದೊರಕಿಸುವ ಕೆಲಸವು ಕೋಶಕಾರನದು.